ಮಾರ್ಕ್ಸ್ ಕಾರ್ಡ್ ಸ್ಟೇಟಸ್

ಸಿಬಿಎಸ್‌ಇ ಹತ್ತನೇ ಕ್ಲಾಸಿನ ರಿಸಲ್ಟ್ ಬಂದರೆ ಸಾಕು, ಕುವೈತಿನ ಅಬ್ಬಾಸಿಯಾ, ಸಾಲ್ಮಿಯಾ, ಫಹಾಹೀಲ್‌ನ ನಮ್ಮವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಾರ್ಕ್ಸ್ ಕಾರ್ಡುಗಳ ಜಾತ್ರೆ. ಖುಷಿಪಡಲಿ, ಬೇಡ ಅನ್ನೋಕೆ ನಾನ್ಯಾರು! ಆದರೆ ಆ ಹಾಳೆಯಲ್ಲಿ ಮಾರ್ಕ್ಸ್ ಜೊತೆಗೆ ರೋಲ್ ನಂಬರು, ತಂದೆ-ತಾಯಿ ಹೆಸರು, ಶಾಲೆ, ಹುಟ್ಟಿದ ತಾರೀಖು ಎಲ್ಲವೂ ಇರುತ್ತೆ. ಕುವೈತಿನ ಸಿವಿಲ್ ಐಡಿಯ 12 ಅಂಕಿಗಳಲ್ಲಿ ಮೊದಲ ಏಳು ಹುಟ್ಟಿದ ದಿನದಿಂದಲೇ ಬರುವಂಥವು: 2010ರ ಮೇ 14ರಂದು ಹುಟ್ಟಿದ ಮಗುವಿನದು 3100514 ಅಂತಲೇ ಶುರು. ಅರ್ಧಕ್ಕಿಂತ ಹೆಚ್ಚು ನಂಬರನ್ನು ನಾವೇ ಊರಿಗೆಲ್ಲ ಹಂಚಿದ ಹಾಗಾಯ್ತು.

ಇಲ್ಲಿ 2015ರ 63ನೇ ನಂಬರಿನ ಸೈಬರ್ ಅಪರಾಧ ಕಾನೂನು 2016ರ ಜನವರಿಯಿಂದ ಜಾರಿಯಲ್ಲಿದೆ. ತಮಾಷೆಗೆ ಹಾಕಿದ ಪೋಸ್ಟೂ ಠಾಣೆ ಹತ್ತಿಸಬಹುದು ಅಂತ ಮಕ್ಕಳಿಗೆ ಶಾಲೆಯಲ್ಲಿ ಹೇಳಲೇಬೇಕು, ಸರಿ. ಆದರೆ ಹುಡುಗಿ “ಅಮ್ಮಾ, ನನ್ನ ಫೋಟೊ ಹಾಕ್ಬೇಡ” ಅಂದರೆ “ನಿಂಗೇನು ಗೊತ್ತಾಗುತ್ತೆ, ಸುಮ್ನಿರು” ಅನ್ನೋ ಮನೆಯಲ್ಲಿ ಆ ಪಾಠ ಎಷ್ಟು ದಿನ ನಿಂತೀತು? ನನ್ನ ಕೇಳಿದರೆ ಮೊದಲ ಕ್ಲಾಸು ಅಪ್ಪ-ಅಮ್ಮಂದಿರಿಗೇ ಆಗಬೇಕು.

ಈ ಸಲ ಮಗುವನ್ನೊಂದು ಮಾತು ಕೇಳಿ, ಪರ್ಸೆಂಟೇಜ್ ಅಷ್ಟೇ ಬರೆದು ಹಾಕಿ. ಲಡ್ಡು ತಿನ್ನೋಕೆ ನಾವೇ ಮನೆಗೆ ಬರ್ತೀವಿ.