ದೊಕ್‌ಸನ್‌ಗೆ ಮೊಟ್ಟೆ ಯಾಕಿಲ್ಲ?

ಬೇಸಿಗೆ ರಜೆಗೆ ಬಳ್ಳಾರಿಯಿಂದ ನಮ್ಮ ದೇಶನೂರಿಗೆ ಬಂದ ಮೊಮ್ಮಗಳು ಈ ಸಲ ಬಟ್ಟೆಬರೆಯ ಜೊತೆ ಒಂದು ಜಗಳವನ್ನೂ ಹೊತ್ತು ತಂದಿದ್ದಳು.

"ಅಜ್ಜಿ, ನೀನು ಯಾರ ಪಾರ್ಟಿ? ತೇಕ್ ಪಾರ್ಟಿನೋ, ಜುಂಗ್‌ಹ್ವಾನ್ ಪಾರ್ಟಿನೋ?"

ಈ ಎರಡು ಹೆಸರು ನನ್ನ ನಾಲಿಗೆಗೆ ಹೊಂದಲು ಎರಡು ದಿನ ಹಿಡಿಯಿತು. ಆಮೇಲೆ ಮಾತ್ರ ನಾನು ಹಿಂದೆ ಬಿದ್ದವಳಲ್ಲ. ಸಂಜೆಯಾದರೆ 'ಅಮೃತಧಾರೆ'ಯ ಗೌತಮ್, ಭೂಮಿಕಾ ಏನಾದರೆಂದು ತಿಳಿಯದೆ ರೊಟ್ಟಿ ತಟ್ಟದವಳು ನಾನು. ಗಂಡ ಹೆಂಡತಿ ಜೋಡಿಯ ಬಗ್ಗೆ ನನಗೂ ನನ್ನದೇ ಅಭಿಪ್ರಾಯಗಳಿವೆ.

ಧಾರಾವಾಹಿಯ ಹೆಸರು 'ರಿಪ್ಲೈ 1988'. ಕೊರಿಯಾ ದೇಶದ್ದು, 2015ರ ಕೊನೆಗೆ ಅಲ್ಲಿನ ಟಿವಿಯಲ್ಲಿ ಶುರುವಾಗಿ 2016ರ ಜನವರಿಗೆ ಮುಗಿದದ್ದು. ಇಪ್ಪತ್ತೇ ಕಂತು. ನಮ್ಮ ಸೀರಿಯಲ್‌ಗಳಲ್ಲಿ ಇಪ್ಪತ್ತು ಕಂತಿಗೆ ಮದುವೆ ಚಪ್ಪರವೂ ಏಳುವುದಿಲ್ಲ! ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ನೀರಿನ ಚೊಂಬಿಗೆ ಆನಿಸಿ ಇಟ್ಟು ಇಬ್ಬರೂ ಕೂರುತ್ತಿದ್ದೆವು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಅವಳು ಕನ್ನಡದಲ್ಲಿ ಹೇಳುವಳು. ನಗುವ ಮಾತು ಬಂದರೆ ತಾನು ಮೊದಲು ನಕ್ಕು ಮುಗಿಸಿ ಆಮೇಲೆ ನನಗೆ ಹೇಳುತ್ತಿದ್ದಳು. ಅಷ್ಟರಲ್ಲಿ ಪರದೆಯ ಮೇಲೆ ಯಾರೋ ಅಳುತ್ತಿರುತ್ತಿದ್ದರು.

ಸಿಯೋಲ್ ನಗರದ ಒಂದು ಓಣಿ, ಐದು ಮನೆ, ಐವರು ಗೆಳೆಯರು. ಕಥೆ ಶುರುವಾಗುವುದು ಅಲ್ಲಿ ಒಲಿಂಪಿಕ್ಸ್ ನಡೆದ 1988ರಲ್ಲಿ. ಮೊದಲ ಕಂತಿನಲ್ಲೇ ಒಂದು ಮನೆಯ ಪಲ್ಯ ಇನ್ನೊಂದು ಮನೆಗೆ, ಆ ಮನೆಯದು ಮತ್ತೊಂದು ಮನೆಗೆ. ಮಕ್ಕಳು ಬಟ್ಟಲು ಹಿಡಿದು ಓಡಾಡಿ ಸುಸ್ತಾಗುತ್ತಾರೆ. ಪುಂಡಿಪಲ್ಲೆ ಮಾಡಿದ ದಿನ ನಮ್ಮ ಓಣಿಯಲ್ಲಿ ನಡೆಯುತ್ತಿದ್ದದ್ದೂ ಇದೇ. ಕೊಟ್ಟ ಬಟ್ಟಲು ಖಾಲಿ ವಾಪಸು ಬರಬಾರದು, ಅದು ಎರಡೂ ಕಡೆಯ ಕಾನೂನು.

ಐವರಲ್ಲಿ ಹುಡುಗಿ ಒಬ್ಬಳೇ, ದೊಕ್‌ಸನ್. ದೊಡ್ಡವಳಾಗಿ ಅವಳು ಯಾರನ್ನು ಮದುವೆಯಾದಳು ಎಂಬುದನ್ನು ಕೊನೆಯ ಕಂತುಗಳವರೆಗೆ ಮುಚ್ಚಿಟ್ಟಿದ್ದಾರೆ. ಜುಂಗ್‌ಹ್ವಾನ್ ಮನಸ್ಸಿನಲ್ಲಿ ಬೆಟ್ಟದಷ್ಟು ಇಟ್ಟುಕೊಂಡವನು. ಅವಳು ಹೊರಗೆ ಬರುವವರೆಗೆ ಬಾಗಿಲಲ್ಲಿ ಶೂ ಲೇಸು ಕಟ್ಟಿದ್ದನ್ನೇ ಕಟ್ಟುತ್ತಾನೆ. ತುಂಬಿದ ಬಸ್ಸಿನಲ್ಲಿ ಅವಳಿಗೆ ಯಾರೂ ತಾಗದಂತೆ ಕೈ ಅಡ್ಡ ಹಿಡಿದು ನಿಲ್ಲುತ್ತಾನೆ. ಬಾಯಿ ಮಾತ್ರ ಬಿಡುವುದಿಲ್ಲ. ತೇಕ್ ತಾಯಿಯಿಲ್ಲದ ಹುಡುಗ. ಕಪ್ಪು ಬಿಳಿ ಕಲ್ಲಿನ 'ಬಾದುಕ್' ಆಟದಲ್ಲಿ ದೇಶಕ್ಕೇ ಹೆಸರು, ಮನೆ ಕೆಲಸದಲ್ಲಿ ಪೂರಾ ಸೊನ್ನೆ. ಆದರೆ ಸಂಗೀತ ಕಛೇರಿಯ ಹೊರಗೆ ದೊಕ್‌ಸನ್ ಒಬ್ಬಳೇ ನಿಂತಿದ್ದಾಳೆಂದು ಗೊತ್ತಾದಾಗ ಪಂದ್ಯವನ್ನೇ ಬಿಟ್ಟು ಬಂದುಬಿಡುತ್ತಾನೆ. ಜುಂಗ್‌ಹ್ವಾನನೂ ಕಾರು ಓಡಿಸಿಕೊಂಡು ಬರುತ್ತಾನೆ. ಬರುವಷ್ಟರಲ್ಲಿ ತೇಕ್ ಅವಳೆದುರು ನಿಂತಾಗಿದೆ.

ನನ್ನ ಮೊಮ್ಮಗಳು ಜುಂಗ್‌ಹ್ವಾನ್ ಪಾರ್ಟಿ. "ಪಾಪ ಅಜ್ಜಿ, ಸಿಗ್ನಲ್‌ನಾಗೆ ಕೆಂಪು ದೀಪ ಬಿದ್ದು ತಡ ಆಯ್ತು" ಎಂದು ಕಣ್ಣೀರು ಒರೆಸಿಕೊಂಡಳು.

"ಕೆಂಪು ದೀಪ ಅವತ್ತೊಂದಿನ ಬಿತ್ತು. ಅದಕ್ಕೆ ಮುಂಚೆ ಆರು ವರ್ಷ ಏನು ಮಾಡ್ತಿದ್ದ? ಹೇಳಿದ್ರೆ ತಾನೆ ಆ ಹುಡುಗಿಗೆ ಗೊತ್ತಾಗಾದು?" ಎಂದೆ. ಅವನೂ ಕಾರಿನಲ್ಲಿ ಕೂತು ಅದನ್ನೇ ಯೋಚಿಸುತ್ತಾನೆ, ತಪ್ಪು ದೀಪದ್ದಲ್ಲ, ತಾನು ಹಿಂದೆಮುಂದೆ ನೋಡಿದ್ದು ಎಂದು. ಅದಕ್ಕೇ ಅವನ ಮೇಲೆ ನನಗೂ ಸಿಟ್ಟಿಲ್ಲ. ಆದರೂ ವೋಟು ತೇಕ್‌ಗೇ.

ನನಗೆ ಇವರಿಬ್ಬರಿಗಿಂತ ಹಿಡಿಸಿದ್ದು ಬೇರೆ ಜೋಡಿ. ತೇಕ್‌ನ ಅಪ್ಪ ಹೆಂಡತಿ ಕಳಕೊಂಡವನು, ಸನ್‌ವೂ ಎಂಬ ಹುಡುಗನ ತಾಯಿ ಗಂಡನನ್ನು ಕಳಕೊಂಡವಳು. ಇಬ್ಬರೂ ಒಂದೇ ಊರಿನ ಪರಿಚಯ. ಕೊನೆಗೆ ಸದ್ದಿಲ್ಲದೆ ಒಂದಾಗುತ್ತಾರೆ. ವಯಸ್ಸಾದವರಿಗೂ ಮಾತಾಡಲು ಒಂದು ಜೀವ ಬೇಕು ಎಂದು ಮಕ್ಕಳಿಗೆ ಅರ್ಥವಾಗುವುದನ್ನು ಎಷ್ಟು ಮರ್ಯಾದೆಯಿಂದ ತೋರಿಸಿದ್ದಾರೆ! ಇನ್ನು ಸನ್‌ವೂ ಮತ್ತು ದೊಕ್‌ಸನ್‌ಳ ಅಕ್ಕ ಬೋರಾ ಮದುವೆಯಾಗಬೇಕೆಂದಾಗ ಎದ್ದ ರಾದ್ಧಾಂತ ನೋಡಿ ನನಗೆ ನಗು ಬಂತು. ಇಬ್ಬರದೂ ಒಂದೇ ಕುಲದ ಹೆಸರು. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿ ಎನ್ನುತ್ತೇವಲ್ಲ, ಹಾಗೆಯೇ. ಅಲ್ಲಿ ಅದು ಕಾನೂನೇ ಆಗಿತ್ತಂತೆ. ಅವರ ಸಂವಿಧಾನ ನ್ಯಾಯಾಲಯ ಅದು ಸರಿಯಲ್ಲವೆಂದದ್ದು 1997ರಲ್ಲಿ. ಸಮುದ್ರದಾಚೆಯ ಬೀಗರೂ ಬೆಡಗು ಕೇಳುತ್ತಾರೆ ನೋಡಿ!

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಮೊದಲ ಕಂತಿನ ಒಂದು ಸನ್ನಿವೇಶ ನನ್ನನ್ನು ಬಿಟ್ಟಿಲ್ಲ.

ದೊಕ್‌ಸನ್ ನಡುವಿನ ಮಗಳು. ಮೇಲೆ ಅಕ್ಕ, ಕೆಳಗೆ ತಮ್ಮ. ಅಕ್ಕನ ಹುಟ್ಟುಹಬ್ಬ ಕೆಲವು ದಿನ ಮೊದಲು ಬರುವುದರಿಂದ ಒಂದೇ ಕೇಕಿನಲ್ಲಿ ಇಬ್ಬರದೂ ಮುಗಿಸುತ್ತಾರೆ. ಈ ಸಲ ಬೇಡವೆಂದು ಅವಳು ಮೊದಲೇ ಹೇಳಿರುತ್ತಾಳೆ. ಆದರೂ ಹಾಗೇ ಮಾಡಿದಾಗ ಕಟ್ಟೆ ಒಡೆಯುತ್ತದೆ. ಹುರಿದ ಮೊಟ್ಟೆ ಯಾವಾಗಲೂ ಅಕ್ಕನಿಗೆ, ತಮ್ಮನಿಗೆ. ಕೋಳಿಯ ಕಾಲೂ ಅವರಿಗೇ. ನನಗೂ ಮೊಟ್ಟೆ ಇಷ್ಟ ಎಂದು ಅಷ್ಟು ದೊಡ್ಡ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಮೇಲೆ ಅಪ್ಪ ಓಣಿಯಲ್ಲಿ ಅವಳಿಗೇ ಅಂತ ಬೇರೆ ಕೇಕು ತಂದು, ನಾನೂ ಅಪ್ಪನಾದದ್ದು ಇದೇ ಮೊದಲು, ತಿಳಿಯಲಿಲ್ಲ ಮಗಳೇ ಎಂಬ ಅರ್ಥದಲ್ಲಿ ಕ್ಷಮೆ ಕೇಳುತ್ತಾನೆ.

ಮೊಮ್ಮಗಳು ಮೊಬೈಲು ನಿಲ್ಲಿಸಿ ಕೇಳಿದಳು: "ಅಜ್ಜಿ, ಅಮ್ಮನೂ ನಡುವಿನ ಮಗಳಲ್ವಾ? ಅಮ್ಮನ ಬರ್ತ್‌ಡೇ ಯಾವಾಗ?"

"ಜೂನ್ 1" ಎಂದೆ.

"ಅದು ಸ್ಕೂಲಿನಾಗೆ ಬರೆಸಿದ್ದು. ನಿಜವಾದ್ದು?"

ನನಗೆ ಬಾಯಿ ಬರಲಿಲ್ಲ. ದೊಡ್ಡವಳು ಹುಟ್ಟಿದ ದಿನ, ಗಳಿಗೆ ಎಲ್ಲ ನೆನಪಿದೆ. ಮಗ ಹುಟ್ಟಿದ್ದಂತೂ ಊರಿಗೇ ಪೇಡೆ ಹಂಚಿದ ದಿನ. ಇವಳು ಹುಟ್ಟಿದಾಗ ಗದ್ದೆಯಲ್ಲಿ ನಾಟಿ ನಡೆದಿತ್ತು. ಅಷ್ಟೇ ನೆನಪು. ಯಾವ ವಾರ? ಯಾವ ತಿಥಿ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿದಾಗಲೂ ಹೇಳಲಾಗಲಿಲ್ಲ. ಅವರು ಎಲ್ಲರಿಗೂ ಬರೆದಂತೆ ಜೂನ್ 1 ಬರೆದುಕೊಂಡರು.

ಆ ರಾತ್ರಿ ಮಗಳಿಗೆ ಫೋನು ಮಾಡಿದೆ. ಆರೋಗ್ಯ, ಮಳೆ ಎಲ್ಲ ಕೇಳಿದ ಮೇಲೆ, "ನಿನಗೆ ಸಣ್ಣವಳಿದ್ದಾಗ ಏನಾದ್ರೂ ಕಡಿಮೆ ಮಾಡಿದ್ನೇನೆ?" ಎಂದೆ.

ಅವಳು ನಕ್ಕಳು. "ಇದ್ಯಾಕವ್ವ ಈಗ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕನ ಲಂಗ ನನಗೆ ಬರೋ ಹೊತ್ತಿಗೆ ಯಾವ ಬಣ್ಣ ಅಂತ ಗೊತ್ತಾಗ್ತಿರಲಿಲ್ಲ. ಅಷ್ಟೇ" ಎಂದಳು. ಮತ್ತೆ ಇಬ್ಬರೂ ಮಾತಾಡಲಿಲ್ಲ. ತಪ್ಪಾಯಿತು ಎನ್ನಬೇಕೆಂದು ನನ್ನ ಗಂಟಲವರೆಗೆ ಬಂತು. ಜುಂಗ್‌ಹ್ವಾನನನ್ನು ಬೈದವಳು ನಾನೇ, ನನಗೂ ಬಾಯಿ ಬಿಡಲಾಗಲಿಲ್ಲ. "ಉಂಡ್ಯಾ?" ಎಂದು ಕೇಳಿ ಇಟ್ಟುಬಿಟ್ಟೆ.

ಮಗಳನ್ನು ಕರೆದೊಯ್ಯಲು ಅವಳು ಮುಂದಿನ ಭಾನುವಾರ ಬರುತ್ತಿದ್ದಾಳೆ. ಸಿರುಗುಪ್ಪಕ್ಕೆ ಹೋಗಿ ಒಂದು ಸೀರೆ ತಂದಿಟ್ಟಿದ್ದೇನೆ, ಕಣ್ಣು ಕುಕ್ಕುವ ಗಿಣಿಹಸಿರು. ಈ ವಯಸ್ಸಿಗೆ ಇದೇನವ್ವ ಎನ್ನುತ್ತಾಳೆ, ಅನ್ನಲಿ. ಮೊಮ್ಮಗಳು ಅಮ್ಮನಿಗೂ ಮೊದಲ ಕಂತಿನಿಂದ ತೋರಿಸಬೇಕೆಂದು ಆಗಲೇ ಮೊಬೈಲು ಚಾರ್ಜಿಗೆ ಹಾಕಿದ್ದಾಳೆ. ಆ ಮೊಟ್ಟೆಯ ಸನ್ನಿವೇಶ ಬಂದಾಗ ನಾನು ಎದ್ದು ಒಳಗೆ ಹೋಗದೆ ಅವಳ ಪಕ್ಕದಲ್ಲೇ ಕೂರಬೇಕೆಂದುಕೊಂಡಿದ್ದೇನೆ.