ಅಹವಾಲು ಹೊತ್ತು ಬರುವ ದೆವ್ವಗಳ ನಾಡಿನಲ್ಲಿ

ಮಿರ್ಯಾಂಗ್ ದಕ್ಷಿಣ ಕೊರಿಯಾದ ತೆಂಕು ಭಾಗದ ಒಂದು ಸಣ್ಣ ಪಟ್ಟಣ. ಸೋಲ್‌ನಲ್ಲಿ ವೇಗದ ರೈಲು ಹತ್ತಿದರೆ ಸುಮಾರು ಎರಡೂವರೆ ತಾಸಿನ ದಾರಿ. ಊರನ್ನು ಬಳಸಿ ಹರಿಯುವ ಹೊಳೆಯ ದಂಡೆಯಲ್ಲಿ, ದಿಬ್ಬದ ಮೇಲೆ, ಯೊಂಗ್ನಮ್ನು ಎಂಬ ದೊಡ್ಡ ಮರದ ಮಂಟಪವಿದೆ. ಈಗಿನ ಕಟ್ಟಡ 1844ರದು. ಬಂದವರೆಲ್ಲ ಅಲ್ಲಿ ನಿಂತು ಹೊಳೆ ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ನನ್ನನ್ನು ಅಷ್ಟು ದೂರ ಎಳೆದು ತಂದದ್ದು ಮಾತ್ರ ಮಂಟಪದ ಕೆಳಗೆ, ಬಿದಿರು ಮೆಳೆಯ ಪಕ್ಕದಲ್ಲಿರುವ ಪುಟ್ಟ ಗುಡಿ. ಅದು ಆರಂಗ್ ಎಂಬ ಹುಡುಗಿಯ ಗುಡಿ. ಕೊರಿಯಾದ ದೆವ್ವದ ಸಿನಿಮಾಗಳನ್ನು ಪ್ರೀತಿಸುವವರು ಒಮ್ಮೆ ಇಲ್ಲಿಗೆ ಬರಬೇಕು ಎಂದು ನನಗೆ ಬಹಳ ದಿನದಿಂದ ಅನಿಸಿತ್ತು.

ಕಥೆ ಚೋಸನ್ ಅರಸರ ಕಾಲದ್ದು. ನಮ್ಮ ಹಳೆಯ ಅಮಲ್ದಾರನಂಥ ಅಧಿಕಾರಿಯೊಬ್ಬ ಈ ಊರಿಗೆ ಬಂದಿದ್ದ. ಆರಂಗ್ ಅವನ ಮಗಳು. ಹಣದಾಸೆಗೆ ಬಿದ್ದ ದಾದಿ ಬೆಳದಿಂಗಳು ನೋಡುವ ನೆಪ ಹೇಳಿ ಹುಡುಗಿಯನ್ನು ಮಂಟಪಕ್ಕೆ ಕರೆತಂದಳು. ಅಲ್ಲಿ ಕಚೇರಿಯ ಆಳೊಬ್ಬ ಅಡಗಿ ಕೂತಿದ್ದ. ಅವನಿಗೆ ಒಲಿಯದ ಹುಡುಗಿ ಇರಿತಕ್ಕೆ ಬಲಿಯಾಗಿ ಬಿದಿರು ಮೆಳೆ ಸೇರಿದಳು. ಮಗಳು ಯಾರೊಡನೆಯೋ ಓಡಿಹೋದಳೆಂದು ನಂಬಿದ ತಂದೆ ಅವಮಾನದಿಂದ ಹುದ್ದೆ ಬಿಟ್ಟು ಹೊರಟುಹೋದ. ಅವನ ನಂತರ ಬಂದ ಅಧಿಕಾರಿಗಳು ಒಬ್ಬೊಬ್ಬರಾಗಿ ಮೊದಲ ರಾತ್ರಿಯೇ ಸತ್ತರು. ಆ ಹುದ್ದೆ ಯಾರಿಗೂ ಬೇಡವಾಯಿತು. ಕೊನೆಗೆ ಗಟ್ಟಿ ಎದೆಯವನೊಬ್ಬ ತಾನಾಗಿ ಕೇಳಿಕೊಂಡು ಬಂದ. ನಡುರಾತ್ರಿ ಕೂದಲು ಕೆದರಿ, ರಕ್ತ ಸುರಿಸುತ್ತ ಅವಳು ಎದುರು ನಿಂತಾಗ ಅವನು ಎದ್ದು ಓಡಲಿಲ್ಲ. ಏನಾಯಿತು, ಹೇಳು ಎಂದ. ಅವಳು ಹೇಳಿದಳು. ನಾಳೆ ಚಿಟ್ಟೆಯಾಗಿ ಬಂದು ಕೊಂದವನ ಟೋಪಿಯ ಮೇಲೆ ಕೂರುತ್ತೇನೆ ಎಂದಳು. ಹಾಗೇ ಆಯಿತು. ಕೊಲೆಗಾರನಿಗೆ ಶಿಕ್ಷೆಯಾಯಿತು, ಹೆಣಕ್ಕೆ ಸಂಸ್ಕಾರವಾಯಿತು. ಆಮೇಲೆ ಅವಳು ಯಾರಿಗೂ ಕಾಣಿಸಲಿಲ್ಲ.

ಗುಡಿಯ ಮುಂದೆ ನಿಂತಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಸತ್ತ ಆ ಅಧಿಕಾರಿಗಳ ಕಡೆಗೆ. ಅವರನ್ನು ಆರಂಗ್ ಕೊಲ್ಲಲಿಲ್ಲ. ಅವಳು ಬಂದದ್ದು ಅರ್ಜಿ ಕೊಡಲಿಕ್ಕೆ, ಅದೂ ಅರ್ಜಿ ಕೇಳಬೇಕಾದ ಮನುಷ್ಯನ ಬಳಿಗೇ. ಅವಳು ಬಾಯಿ ತೆರೆಯುವ ಮೊದಲೇ ಅವರು ಹೆದರಿ ಸತ್ತರು. ಕೊರಿಯಾದ ದೆವ್ವದ ಸಿನಿಮಾ ನನ್ನನ್ನು ಹಿಡಿದಿಟ್ಟಿರುವುದು ಇದೇ ಕಾರಣಕ್ಕೆ. ಅಲ್ಲಿನ ಪ್ರೇತಕ್ಕೆ ಹೇಳಿಕೊಳ್ಳಲು ಒಂದು ನೋವಿರುತ್ತದೆ. ನೋಡುವವರಿಗೆ ಮೊದಲು ಭಯ, ಭಯ ಇಳಿದ ಮೇಲೆ ದುಃಖ. ಹಾಲಿವುಡ್‌ನ ಎಷ್ಟೋ ಚಿತ್ರಗಳಲ್ಲಿ ದೆವ್ವವನ್ನು ಓಡಿಸಿದರೆ ಕಥೆ ಮುಗಿಯಿತು. ಇಲ್ಲಿ ದೆವ್ವದ ಮಾತು ಕೇಳುವವರೆಗೆ ಕಥೆ ಮುಗಿಯುವುದಿಲ್ಲ.

ಬಿಳಿ ಬಟ್ಟೆ, ಮುಖ ಮುಚ್ಚುವ ಕಪ್ಪು ಕೂದಲಿನ ಕನ್ಯಾಪ್ರೇತ ಕೊರಿಯನ್ನರ ಮನೆಮಾತು. 1977ರಿಂದ 1989ರವರೆಗೆ ಕೆಬಿಎಸ್ ವಾಹಿನಿಯಲ್ಲಿ ಬಂದ ‘ದಂತಕಥೆಗಳ ತವರು’ ಧಾರಾವಾಹಿ ಅವಳನ್ನು ಮನೆಮನೆಯ ಪಡಸಾಲೆಗೆ ತಂದಿತು. ಅದಕ್ಕೂ ಬಹಳ ಹಿಂದೆ, 1924ರಲ್ಲೇ, ಮಲತಾಯಿಯ ಕುತಂತ್ರಕ್ಕೆ ಬಲಿಯಾದ ಅಕ್ಕತಂಗಿಯರ ಜನಪದ ಕಥೆ ‘ಚಾಂಗ್‌ಹ್ವಾ ಹೊಂಗ್ರ್ಯೋನ್’ ಮೂಕಿ ಚಿತ್ರವಾಗಿತ್ತು. ಆ ಕಥೆ ನಡೆಯುವ ಊರು ಚೊಲ್ಸಾನ್ ಈಗ ಉತ್ತರ ಕೊರಿಯಾದಲ್ಲಿದೆ, ನಾವು ಹೋಗಿ ನೋಡುವಂತಿಲ್ಲ. ಅಲ್ಲಿಯೂ ಅಷ್ಟೇ: ಸತ್ತ ಹುಡುಗಿಯರು ಹೋಗುವುದು ಅಧಿಕಾರಿಯ ಬಳಿಗೆ, ನ್ಯಾಯ ಕೇಳಲು.

ಅದೇ ಕಥೆಯನ್ನು ಎತ್ತಿಕೊಂಡು ಕಿಮ್ ಜೀ-ಉನ್ 2003ರಲ್ಲಿ ಮಾಡಿದ ಚಿತ್ರವನ್ನು ನಾನು ಕೊರಿಯಾದ ದೆವ್ವದ ಚಿತ್ರಗಳಲ್ಲೆಲ್ಲ ಮೇಲಿಡುತ್ತೇನೆ. ಹೂಬಳ್ಳಿಯ ಗೋಡೆಕಾಗದ, ಕಗ್ಗತ್ತಲ ಬಣ್ಣದ ಮರ, ಮಾತಿಲ್ಲದೆ ಸಾಗುವ ಊಟ. ಲೀ ಬ್ಯುಂಗ್-ವೂ ಅವರ ಸಂಗೀತ ಎಷ್ಟು ಇಂಪಾಗಿದೆಯೆಂದರೆ ಅದನ್ನು ಕೇಳಿದಾಗೆಲ್ಲ ಗಂಟಲು ಕಟ್ಟುತ್ತದೆ. ಕಥೆಯ ಗುಟ್ಟು ಒಡೆಯುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಈ ಮನೆಯಲ್ಲಿ ಅಧಿಕಾರಿಯಿಲ್ಲ, ಅರ್ಜಿ ಕೇಳುವವರೇ ಇಲ್ಲ. ಮಹಡಿಯ ಮೇಲಿಂದ ಬಂದ ಸದ್ದಿಗೆ ಯಾರೂ ಓಗೊಡದೆ ಹೋದ ಒಂದು ಗಳಿಗೆಯಿಂದಲೇ ಚಿತ್ರದ ಎಲ್ಲ ಭಯವೂ ಹುಟ್ಟುತ್ತದೆ. ಹಾಲಿವುಡ್ ಇದನ್ನು 2009ರಲ್ಲಿ ಮತ್ತೆ ತೆಗೆಯಿತು. ಅದು ನೋಡಲೇಬೇಕಾದ್ದಲ್ಲ.

ಕೊರಿಯಾದ ದೆವ್ವದ ಚಿತ್ರಗಳ ಹೊಸ ಅಲೆ ಶುರುವಾದದ್ದು ಕಿಮ್ ಅವರ ಆ ಚಿತ್ರಕ್ಕೆ ಐದು ವರ್ಷ ಮೊದಲು. 1996ರಲ್ಲಿ ದೇಶದ ಸಂವಿಧಾನ ನ್ಯಾಯಾಲಯ ಚಿತ್ರಗಳ ಪೂರ್ವ ಸೆನ್ಸಾರ್ ಸಂವಿಧಾನಬಾಹಿರ ಎಂದಿತು. 1998ರಲ್ಲಿ ಪಾರ್ಕ್ ಕಿ-ಹ್ಯುಂಗ್ ಅವರ ‘ಯೊಗೊ ಗ್ವೆದಾಮ್’ ಬಂತು. ಹೆಣ್ಣುಮಕ್ಕಳ ಹೈಸ್ಕೂಲು, ಅಂಕಗಳ ಪೈಪೋಟಿ, ಕೈ ಎತ್ತುವ ಮೇಷ್ಟ್ರು. ಎಂದೋ ಸತ್ತ ಹುಡುಗಿಯೊಬ್ಬಳು ವರ್ಷ ವರ್ಷವೂ ತರಗತಿಗೆ ಬಂದು ಕೂರುತ್ತಾಳೆ, ಹಾಜರಿ ಕರೆಯುವ ಮೇಷ್ಟ್ರುಗಳಿಗೆ ಅವಳ ಗುರುತೇ ಹತ್ತುವುದಿಲ್ಲ. ಉದ್ದ ಕಾರಿಡಾರಿನಲ್ಲಿ ಅವಳು ಒಂದೊಂದೇ ನೆಗೆತಕ್ಕೆ ಹತ್ತಿರವಾಗುವ ದೃಶ್ಯ ಇವತ್ತಿಗೂ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ. ಅದಕ್ಕಿಂತ ಹೆಚ್ಚು ಕಾಡುವುದು ಆ ಹಾಜರಿ. ಈ ಸರಣಿಯಲ್ಲಿ 2021ರವರೆಗೆ ಆರು ಚಿತ್ರಗಳು ಬಂದವು.

ಸೋಲ್‌ಗೆ ಮರಳಿದ ಮೇಲೆ ಇನ್ವಾಂಗ್ ಬೆಟ್ಟ ಹತ್ತಿದೆ. ಮೆಟ್ರೊ ಇಳಿದು, ಎತ್ತರದ ಅಪಾರ್ಟ್‌ಮೆಂಟುಗಳನ್ನು ಹಾದು ಸ್ವಲ್ಪ ಏರಿದರೆ ಕುಕ್ಸಾದಾಂಗ್ ಎಂಬ ಗುಡಿ ಸಿಗುತ್ತದೆ. ಮೈಮೇಲೆ ದೈವ ಬರುವ ‘ಮುದಾಂಗ್’ ಹೆಂಗಸರು ಇಲ್ಲಿ ಇಂದಿಗೂ ‘ಕುತ್’ ಎಂಬ ಆಚರಣೆ ನಡೆಸುತ್ತಾರೆ. ತಮಟೆ, ತಾಳ, ಕುಣಿತ, ಸತ್ತವರ ಪರವಾಗಿ ಮಾತು. ಈ ಗುಡಿ ಮೊದಲು ನಾಮ್ಸಾನ್ ಬೆಟ್ಟದ ಮೇಲಿತ್ತು. ಆಗ ಕೊರಿಯಾವನ್ನು ಆಳುತ್ತಿದ್ದ ಜಪಾನೀಯರು ಅಲ್ಲಿ ತಮ್ಮ ಶಿಂಟೊ ದೇಗುಲ ಕಟ್ಟುವಾಗ, 1925ರಲ್ಲಿ, ಇದು ಜಾಗ ಬಿಡಬೇಕಾಯಿತು.

ಇದನ್ನು ತಿಳಿದು ‘ಪಾಮ್ಯೋ’ ನೋಡಿದರೆ ಆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಚಾಂಗ್ ಜೇ-ಹ್ಯುನ್ ನಿರ್ದೇಶನದ, 2024ರ ಚಿತ್ರ. ಸಿರಿವಂತ ಕುಟುಂಬದ ಪೂರ್ವಜನ ಗೋರಿ ಅಗೆಯಲು ಹೊರಟವರಿಗೆ ಅದರ ಕೆಳಗೆ ವಸಾಹತು ಕಾಲದ ಗಾಯ ಸಿಗುತ್ತದೆ. ಮುಖ್ಯ ಪಾತ್ರಗಳಿಗೆ ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳು. ಒಂದು ಕಾರಿನ ನಂಬರು 0815, ಅಂದರೆ ಆಗಸ್ಟ್ 15, ಕೊರಿಯಾಕ್ಕೂ ಬಿಡುಗಡೆಯ ದಿನ. ನಟಿ ಕಿಮ್ ಗೋ-ಉನ್ ಕತ್ತಿ ಹಿಡಿದು ಕುಣಿಯುವ ಕುತ್ ದೃಶ್ಯ ಮುಗಿಯುವವರೆಗೆ ಉಸಿರು ಬಿಡಲಾಗುವುದಿಲ್ಲ. ಇಲ್ಲಿ ಅಹವಾಲು ಹೇಳುತ್ತಿರುವುದು ಒಬ್ಬ ಹುಡುಗಿಯಲ್ಲ, ಮಣ್ಣೇ. ಸುಮಾರು 5 ಕೋಟಿ ಜನರ ದೇಶದಲ್ಲಿ ಈ ಚಿತ್ರಕ್ಕೆ 1.1 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು.

ನೋಡಬೇಕೆನ್ನುವವರು ‘ಪಾಮ್ಯೋ’ದಿಂದ ಶುರುಮಾಡಬೇಡಿ. ಮೊದಲು ಆರಂಗ್‌ಳ ಕಥೆಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ಆಮೇಲೆ 2003ರ ಆ ಅಕ್ಕತಂಗಿಯರ ಚಿತ್ರ ಹಾಕಿ, ಎರಡು ಸಲ ನೋಡಿ. ಮೊದಲ ಸಲ ಹೆದರುತ್ತೀರಿ, ಎರಡನೆಯ ಸಲ ಅಳುತ್ತೀರಿ.