ಕಾಳಿ ದಂಡೆಯಲ್ಲಿ ಒಂದು ಹಳೆಯ ಜೆಟ್ ದೋಣಿ

ನಮ್ಮ ಗುಡಗೇರಿ ಎರೆಮಣ್ಣಿನ ಊರು. ಕುಂದಗೋಳ ತಾಲ್ಲೂಕಿನ ಈ ಭಾಗದಲ್ಲಿ ದೋಣಿ ಎಂದರೆ ಮಳೆಗಾಲದಲ್ಲಿ ಮಕ್ಕಳು ನೋಟುಪುಸ್ತಕದ ಹಾಳೆ ಹರಿದು ಮಾಡುವ ಆಟಿಕೆ, ಅಷ್ಟೇ. ಮಳೆ ಜೋರಾದ ವರ್ಷ ಬೆಣ್ಣೆಹಳ್ಳ ತುಂಬಿ ಹೊಲಗಳಿಗೆ ನುಗ್ಗುತ್ತದೆ. ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಉಳಿದ ಕಾಲದಲ್ಲಿ ನಮಗೆ ನೀರೆಂದರೆ ಕೆರೆ, ಕೊಡ ಮತ್ತು ನಲ್ಲಿ. ಇಪ್ಪತ್ತೆಂಟು ವರ್ಷಗಳಿಂದ ಆರ್ಕಿಮಿಡೀಸನ ತತ್ವ ಕಲಿಸುತ್ತಿರುವ ನನಗೆ ಈಜು ಬಾರದು ಎಂದರೆ ನೀವು ನಗಬಾರದು.

ಕಳೆದ ವರ್ಷ ಪಾಲಕರ ಸಭೆಯಲ್ಲಿ ಡಿಸೆಂಬರ್ ಪ್ರವಾಸಕ್ಕೆ ಕಾರವಾರ ಎಂದು ಘೋಷಿಸಿದೆವು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸರ, ಹುಡುಗ್ರನ್ನ ದೋಣ್ಯಾಗ ಕೂಡಸ್ತೀರೇನ್ರಿ?"

ಆ ಪ್ರಶ್ನೆಯ ಹಿಂದೆ ಏನಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಜನ ತೀರಿಕೊಂಡಿದ್ದರು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಅವರಲ್ಲಿದ್ದರು. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಹನ್ನೆರಡು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕಿಯರು ಮುಳುಗಿ ಸತ್ತ ಸುದ್ದಿಯನ್ನೂ ಎಲ್ಲರೂ ಓದಿದ್ದೆವು. "ನೋಡೋಣ್ರಿ" ಎಂದಷ್ಟೇ ಹೇಳಿ ನಾನು ಕುಳಿತುಬಿಟ್ಟೆ. ಅದು ಉತ್ತರವಲ್ಲ ಎಂದು ನನಗೇ ತಿಳಿದಿತ್ತು.

ದಸರಾ ರಜೆ ಹತ್ತಿರವಾದಾಗ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಬಂತು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಕಾರವಾರದಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿರುವ ಹುಡುಗ. ಅಲ್ಲಿಯ ಹಿರಿಯ ಮೀನುಗಾರರೊಬ್ಬರ ಪಾಲುದಾರಿಕೆಯಲ್ಲಿ ಆರು ಜನ ಕೂರುವ ಹಳೆಯ ಜೆಟ್ ದೋಣಿ ಕೊಂಡಿದ್ದನಂತೆ. "ದೀಪಾವಳಿಗೆ ಚಾಲೂ ಮಾಡ್ಬೇಕ್ರಿ ಸರ. ನೀವು ಬಂದು ಒಮ್ಮೆ ನೋಡ್ರಿ." ಪ್ರವಾಸದ ಜಾಗವನ್ನು ಮೊದಲೇ ನೋಡಿದಂತೆಯೂ ಆಯಿತೆಂದು ಹೊರಟೆ.

ಗುಡಗೇರಿ ನಿಲ್ದಾಣದಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಕಲಘಟಗಿ ದಾಟುತ್ತಿದ್ದಂತೆ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಯಲ್ಲಾಪುರದ ಕಾಡು, ಅರಬೈಲು ಘಟ್ಟದ ತಿರುವುಗಳು, ಅಂಕೋಲೆಯಲ್ಲಿ ಮೊದಲ ಉಪ್ಪುಗಾಳಿ. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸೂಪಾ ಮತ್ತು ಕದ್ರಾ ಅಣೆಕಟ್ಟುಗಳಲ್ಲಿ ನಿಂತು ವಿದ್ಯುತ್ ಕೊಟ್ಟು, ಸುಮಾರು 184 ಕಿ.ಮೀ. ಹರಿದು ಬರುವ ಕಾಳಿ ನದಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ನಡುವೆ ಇದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಲಾರಿಯೊಂದಿಗೆ ನೀರಿಗೆ ಬಿದ್ದ ಚಾಲಕ ಬದುಕಿ ಉಳಿದ.

ದೋಣಿ ನದಿ ದಂಡೆಯ ತೆಂಗಿನ ತೋಪಿನಲ್ಲಿ ಗಾಲಿಯ ಗಾಡಿಯ ಮೇಲೆ ಕುಳಿತಿತ್ತು. ಉದ್ದ ಐದು ಮೀಟರ್, ಅಗಲ ಎರಡು ಮೀಟರ್, ಹೊಸ ಹಳದಿ ಬಣ್ಣ. ನೋಡಲು ಮದುವೆಯ ಕಾರಿನಂತಿತ್ತು.

ಜೆಟ್ ದೋಣಿಗೆ ಹೊರಗೆ ತಿರುಗುವ ರೆಕ್ಕೆ ಇಲ್ಲ. ತಳದಲ್ಲಿ ಒಂದು ಜಾಲರಿ. ಅದರ ಮೂಲಕ ಎಂಜಿನ್ನಿನ ಪಂಪು ನೀರನ್ನು ಎಳೆದುಕೊಂಡು ಹಿಂದಿನ ಕಿರಿದಾದ ಬಾಯಿಯಿಂದ ರಭಸವಾಗಿ ಹೊರಗೆಸೆಯುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ನ್ಯೂಟನ್ನನ ಮೂರನೆಯ ನಿಯಮ. ಹೊಲದಲ್ಲಿ ಪಂಪ್‌ಸೆಟ್ ಚಾಲೂ ಮಾಡಿ ಪೈಪು ಕೈಬಿಟ್ಟರೆ ಅದು ಹಾವಿನಂತೆ ಹೊರಳಾಡುವುದನ್ನು ನಮ್ಮ ಹುಡುಗರೆಲ್ಲ ಕಂಡಿದ್ದಾರೆ. ಇಲ್ಲಿ ಆ ಪೈಪಿಗೆ ದೋಣಿ ಕಟ್ಟಿದೆ ಎಂದುಕೊಳ್ಳಿ.

ಇದನ್ನು ಬಳಕೆಗೆ ತಂದವರು ನ್ಯೂಜಿಲೆಂಡಿನ ಕುರಿ ಸಾಕುವ ರೈತ ಬಿಲ್ ಹ್ಯಾಮಿಲ್ಟನ್. ಅವರ ಸೀಮೆಯ ನದಿಗಳು ಮೊಣಕಾಲುದ್ದದ ನೀರು, ತುಂಬ ಕಲ್ಲು. ರೆಕ್ಕೆಯ ದೋಣಿ ಅಲ್ಲಿ ನಡೆಯದು. 1950ರ ದಶಕದಲ್ಲಿ ಅವರು ಇದನ್ನು ಮಾಡಿ ತೋರಿಸಿದರು. 1960ರಲ್ಲಿ ಈ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಮಹಾಕಣಿವೆಯನ್ನು ಪ್ರವಾಹಕ್ಕೆದುರಾಗಿ ಏರಿದವು. 1977ರಲ್ಲಿ ಎವರೆಸ್ಟ್ ವೀರ ಎಡ್ಮಂಡ್ ಹಿಲರಿ ಇಂಥವೇ ಮೂರು ದೋಣಿಗಳಲ್ಲಿ ಗಂಗಾಸಾಗರದಿಂದ ಗಂಗೆಯನ್ನು ಏರುತ್ತ ಹಿಮಾಲಯದ ನಂದಪ್ರಯಾಗದ ಹತ್ತಿರದವರೆಗೆ ಹೋದರು. ಅಲ್ಲಿ ಜಲಪಾತವೊಂದು ತಡೆಯಿತು.

ಮೊದಲ ದಿನವೆಲ್ಲ ನೆಲದ ಮೇಲಿನ ಕೆಲಸ. ಜಾಲರಿಯಿಂದ ಬಲೆಯ ದಾರ, ಪ್ಲಾಸ್ಟಿಕ್ ಚೀಲ ಹೊರಬಂದವು. ಪಂಪಿನ ಚಕ್ರಕ್ಕೂ ಸುತ್ತಲಿನ ಬಳೆಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇರಬೇಕು. ಮರಳು ತಿಂದು ತಿಂದು ಅದು ಅಗಲವಾಗಿತ್ತು. ಸಂದು ಹೆಚ್ಚಿದಷ್ಟೂ ನೀರು ಹಿಂದಕ್ಕೆ ಸೋರಿ ಬಲ ಕುಂದುತ್ತದೆ. ಹೊಸ ಬಳೆ ಹಾಕಿದರು. ಉಪ್ಪು ಕಟ್ಟಿದ ಎಂಜಿನ್ ಕೊಳವೆಗಳಿಗೆ ಸಿಹಿನೀರು ಹಾಯಿಸಿದರು. ಪೆಟ್ರೋಲ್ ಕೊಳವೆಗಳನ್ನು ಬದಲಿಸಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲೇ ಕುಳಿತಿರುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಎಂಜಿನ್ ಚಾಲೂ ಮಾಡುವ ಮೊದಲು ನಾಲ್ಕೈದು ನಿಮಿಷ ಗಾಳಿಪಂಕ ತಿರುಗಿಸಿ ಆವಿಯನ್ನು ಹೊರಹಾಕಬೇಕು.

ಜೀವರಕ್ಷಕ ಅಂಗಿಗಳ ಪರೀಕ್ಷೆಗೆ ನಾನೇ ಇಳಿದೆ. ಎದೆಮಟ್ಟದ ನೀರಿನಲ್ಲಿ ಒಂದೊಂದನ್ನೇ ತೊಟ್ಟು ಕಾಲು ಮೇಲೆತ್ತಬೇಕು. ಎಂಟರಲ್ಲಿ ಐದು ನನ್ನನ್ನು ಎತ್ತಿ ಹಿಡಿದವು. ಎರಡರ ಪಟ್ಟಿ ಕಿತ್ತುಬಂತು. ಇನ್ನೊಂದರ ಒಳಗಿನ ಸ್ಪಂಜು ಪುಡಿಯಾಗಿತ್ತು; ಅದನ್ನು ತೊಟ್ಟವನು ಎರಡು ಗುಟುಕು ಉಪ್ಪುನೀರು ಕುಡಿದ. ಮಕ್ಕಳ ಅಳತೆಯದು ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಹಿರಿಯರು ತೆಂಗಿನಕಾಯಿ ಒಡೆದು ಚುಕ್ಕಾಣಿ ಹಿಡಿದರು. ನಾನು, ನನ್ನ ಶಿಷ್ಯ ಹಿಂದೆ ಕುಳಿತೆವು. ಅರ್ಧ ಕಿ.ಮೀ. ಹೋದ ಮೇಲೆ ಅವರು, "ಮಾಸ್ತರ್ರೇ, ಈಗ ನೋಡಿ" ಎಂದು ವೇಗದ ಹಿಡಿಯನ್ನು ಪೂರ್ತಿ ಬಿಟ್ಟು ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರು. ದೋಣಿ ತಿರುಗಲೇ ಇಲ್ಲ. ನೇರವಾಗಿ ಸಾಗುತ್ತಲೇ ಇತ್ತು. ನನ್ನ ಎದೆ ಧಸಕ್ಕೆಂದಿತು.

ಕಾರಣ ಸರಳ. ಈ ದೋಣಿಗೆ ಬೇರೆ ಚುಕ್ಕಾಣಿ ಹಲಗೆ ಇಲ್ಲ. ಹಿಂದಿನ ಬಾಯಿಯನ್ನು ಆಚೀಚೆ ತಿರುಗಿಸಿ, ಚಿಮ್ಮುವ ನೀರಿನ ದಿಕ್ಕು ಬದಲಿಸಿಯೇ ತಿರುಗಬೇಕು. ಚಿಮ್ಮುವ ನೀರು ನಿಂತರೆ ತಿರುಗುವ ಶಕ್ತಿಯೂ ನಿಂತಿತು. ಎದುರಿಗೆ ಏನಾದರೂ ಬಂದಾಗ ಹೆದರಿ ವೇಗ ಬಿಡುವುದು ಮನುಷ್ಯನ ಸ್ವಭಾವ. ಇಲ್ಲಿ ಅದೇ ಅಪಾಯ. ಹೊಸಬರ ಕೈಗೆ ಇದನ್ನು ಕೊಡಬಾರದು ಎಂಬುದು ಅಲ್ಲೇ ಮನದಟ್ಟಾಯಿತು.

ಆದರೆ ನನ್ನನ್ನು ಕಾಡಿದ್ದು ಬೇರೆ. ಮೂವರೇ ಇದ್ದರೂ ದೋಣಿಯ ಹಿಂಭಾಗ ಏಳಲು ತಿಣುಕುತ್ತಿತ್ತು. ದಡಕ್ಕೆ ಬಂದು ಎಲ್ಲರೂ ಇಳಿದ ಮೇಲೆ ಕಾಗದಪತ್ರ ತೆಗೆಸಿದೆ. ಖಾಲಿ ದೋಣಿಯ ಅಂಚು ನೀರಿನಿಂದ ಎಷ್ಟು ಮೇಲೆ ನಿಲ್ಲಬೇಕೆಂದು ಕಟ್ಟಿದವರು ಚಿತ್ರ ಬರೆದು ತೋರಿಸಿದ್ದರು. ಸ್ಕೇಲು ಹಿಡಿದು ಸುತ್ತಲೂ ಅಳೆದೆವು. ಸರಾಸರಿ ಎರಡು ಸೆಂಟಿಮೀಟರ್ ಕಡಿಮೆ.

"ಎರಡು ಸೆಂಟಿಮೀಟರ್ ಏನ್ ಮಹಾ ಸರ?" ಎಂದ ಶಿಷ್ಯ. ಒಂಬತ್ತನೆಯ ತರಗತಿಯಲ್ಲಿ ಇದೇ ಲೆಕ್ಕಕ್ಕೆ ಅವನು ಪೂರ್ಣ ಅಂಕ ತೆಗೆದಿದ್ದ. ಮರಳಿನ ಮೇಲೆ ಕಡ್ಡಿಯಿಂದ ಬರೆದೆ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲ. ಮೂತಿ ಚೂಪಾಗಿರುವುದನ್ನು ಕಳೆದರೆ ನೀರಿನ ಮಟ್ಟದಲ್ಲಿ ಸುಮಾರು 7 ಚದರ ಮೀಟರ್. ಎರಡು ಸೆಂಟಿಮೀಟರ್ ಎಂದರೆ 0.02 ಮೀಟರ್. ಗುಣಿಸಿದರೆ 0.14 ಘನ ಮೀಟರ್ ನೀರು ಹೆಚ್ಚಾಗಿ ಪಕ್ಕಕ್ಕೆ ಸರಿದಿದೆ. ಅದರ ತೂಕ 140 ಕಿಲೊ. ದೋಣಿಯೂ ಅಷ್ಟೇ ಹೆಚ್ಚು ಭಾರ.

ಅವನ ಮುಖ ಸಣ್ಣದಾಯಿತು. 140 ಕಿಲೊ ಎಂದರೆ ಇಬ್ಬರು ದೊಡ್ಡವರು. ಕಣ್ಣಿಗೆ ಕಾಣದ ಇಬ್ಬರು ಪ್ರಯಾಣಿಕರು ಮೊದಲೇ ಒಳಗೆ ಕುಳಿತಿದ್ದರು.

ಸೀಟಿನ ಕೆಳಗೆ ನೆಲಹಾಸಿಗೆ ಡ್ರಿಲ್ಲಿನಿಂದ ತೂತು ಕೊರೆದಾಗ ಕಂದು ನೀರು ಜಿನುಗಿತು. ಹೊರಮೈಗೂ ನೆಲಹಾಸಿಗೂ ನಡುವೆ ತುಂಬಿದ್ದ ತೇಲುವ ಫೋಮು ಹಾಲಿನಲ್ಲಿ ನೆನೆದ ರೊಟ್ಟಿಯಂತಾಗಿತ್ತು. ಹಿಂದೆ ಯಾರೋ ಹೆಚ್ಚಿನ ಸೀಟು ಕೂರಿಸಲು ಹೊಡೆದ ಸ್ಕ್ರೂಗಳ ತೂತು ಮುಚ್ಚಿರಲಿಲ್ಲ. ಅಲ್ಲಿಂದ ವರ್ಷಗಟ್ಟಲೆ ನೀರು ಇಳಿದಿತ್ತು. ದೋಣಿ ಮಗುಚಿದರೂ ಅದನ್ನು ತೇಲಿಸಬೇಕಾದ ಫೋಮು ಅದು. ಅದೇ ಈಗ ಕಲ್ಲಾಗಿತ್ತು.

ಶಿಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಪಾಲು ಹಾಕಿದ್ದ. ದೀಪಾವಳಿ ರಜೆಯ ಒಂದು ವಾರ ಎಂದರೆ ಅಲ್ಲಿ ಒಂದು ತಿಂಗಳ ಗಳಿಕೆ. ಕೊನೆಗೆ ಮೆಲ್ಲಗೆ ಕೇಳಿದ: "ಸರ, ಆರ ಮಂದಿ ಬ್ಯಾಡ, ನಾಕ ಮಂದಿ ಕೂಡಿಸ್ಕೊಂಡು ದೀಪಾವಳಿ ದಾಟಸಿದ್ರ?"

ಲೆಕ್ಕದ ಪ್ರಕಾರ ತೂಕ ಸರಿಹೋಗುತ್ತಿತ್ತು. ಅದೇ ಕಷ್ಟ. ನಾನು ತಕ್ಷಣ ಬೇಡವೆನ್ನಲಿಲ್ಲ. ಅವನ ಬಳೆಯ ಸಾಲ ನನ್ನ ಕಣ್ಣ ಮುಂದಿತ್ತು. ಹಿರಿಯರು ಮಾತ್ರ ಎದ್ದು ಹೋಗಿ ದೋಣಿಯ ಬ್ಯಾಟರಿ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಮನೆಯತ್ತ ನಡೆದರು. ತಿರುಗಿ ಒಂದೇ ಮಾತು ಹೇಳಿದರು: "ಹತ್ತುವಾಗ ನಾಲ್ಕು ಮಂದಿ. ಜಾತ್ರೆಯ ದಿನ ಐದನೆಯವನಿಗೆ ಬೇಡ ಅಂತ ಹೇಳುವವರು ಯಾರು?"

ಆ ದೀಪಾವಳಿಗೆ ಹಳದಿ ದೋಣಿ ತೋಪಿನಲ್ಲೇ ಇತ್ತು. ನೆಲಹಾಸು ಕತ್ತರಿಸಿ, ಹಳೆಯ ಫೋಮು ತೆಗೆದು, ವಾರಗಟ್ಟಲೆ ಒಣಗಿಸಿ, ಹೊಸದು ತುಂಬಿ, ಮೇಲೆ ಫೈಬರ್ ಹೊದಿಸಿದರು. ಯಾಂತ್ರಿಕ ದೋಣಿಗೆ ಸಮೀಕ್ಷೆ, ನೋಂದಣಿ ಎರಡೂ ಆಗಬೇಕೆಂದು 2021ರ ಒಳನಾಡು ಹಡಗು ಕಾಯ್ದೆ ಹೇಳುತ್ತದೆ, ಅವನ್ನೂ ಮುಗಿಸಿದರು. ನವೆಂಬರ್ ಕೊನೆಯಲ್ಲಿ ಶಿಷ್ಯ ಫೋನ್ ಮಾಡಿ ಮೊದಲು ಹೇಳಿದ್ದು ಗಳಿಕೆಯ ಸುದ್ದಿಯಲ್ಲ. "ಸರ, ಅಳತಿ ಚಿತ್ರದಾಗ ಇದ್ದಂಗ ಬಂತ್ರಿ. ಸಣ್ಣ ಹುಡುಗ್ರ ಅಂಗಿ ಆರು ತಂದೀನ್ರಿ."

ಮುಂದಿನ ಪಾಲಕರ ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಐದು ಪ್ರಶ್ನೆ ಬರೆದೆ. ದೋಣಿಗೆ ಸಮೀಕ್ಷೆಯ ಪತ್ರ ಇದೆಯೇ? ಎಷ್ಟು ಜನ ಎಂದು ದೋಣಿಯ ಮೇಲೆ ಬರೆದಿದೆಯೇ, ನಾವು ಎಣಿಸಿ ಹತ್ತುತ್ತಿದ್ದೇವೆಯೇ? ಪ್ರತಿಯೊಬ್ಬರಿಗೂ ಅವರವರ ಅಳತೆಯ ಜೀವರಕ್ಷಕ ಅಂಗಿ ಇದ್ದು, ಪಟ್ಟಿ ಬಿಗಿದಿದೆಯೇ? ನಡೆಸುವವರು ಅನುಭವಿಗಳೇ? ಗಾಳಿ, ಅಲೆ ಎದ್ದರೆ ಹಣ ಮರಳಿಸಿ ದಡಕ್ಕೆ ಬರುತ್ತಾರೆಯೇ? ಆ ತಾಯಿಗೆ ಹೇಳಿದೆ: "ಐದಕ್ಕೂ ಹೌದು ಅಂದ್ರ ಕೂಡಸ್ತೀವ್ರಿ. ಒಂದಕ್ಕ ಇಲ್ಲಾ ಅಂದ್ರೂ ದಂಡಿ ಮ್ಯಾಲ ನಿಂತು ನೋಡ್ತೀವಿ."

ಡಿಸೆಂಬರಿನಲ್ಲಿ ನಲವತ್ತೆರಡು ಮಕ್ಕಳೊಂದಿಗೆ ಹೋದೆವು. ಒಮ್ಮೆಗೆ ಐವರು ಮಕ್ಕಳು, ಜೊತೆಗೆ ಒಬ್ಬ ಶಿಕ್ಷಕರು. ಐದು ಸುತ್ತು ಚೆನ್ನಾಗಿ ನಡೆಯಿತು. ಮಧ್ಯಾಹ್ನ ಸಮುದ್ರದ ಗಾಳಿ ಎದ್ದಿತು. ಅಳಿವೆಯಲ್ಲಿ ಬಿಳಿ ನೊರೆಯ ಅಲೆ ಕಂಡೊಡನೆ ಹಿರಿಯರು ಎಂಜಿನ್ ನಿಲ್ಲಿಸಿದರು. ಉಳಿದ ಹದಿನೇಳು ಮಕ್ಕಳು ಮರಳಿನ ಮೇಲೆ ಮುಖ ಊದಿಸಿ ಕುಳಿತರು. ಇಬ್ಬರು ಅತ್ತರು. ಸಮಾಧಾನ ಮಾಡಲು ನನ್ನ ಹತ್ತಿರ ಶೇಂಗಾ ಉಂಡಿ ಬಿಟ್ಟರೆ ಬೇರೇನೂ ಇರಲಿಲ್ಲ.

ಅತ್ತವರಲ್ಲಿ ಒಬ್ಬ ಪ್ರಶ್ನೆ ಕೇಳಿದ ಆ ತಾಯಿಯ ಮಗ. ಮರಳಿ ಬಂದ ರಾತ್ರಿ ಶಾಲೆಯ ಗೇಟಿನಲ್ಲಿ ಅವರು ಕಾಯುತ್ತಿದ್ದರು. ಹುಡುಗ ಬಸ್ಸಿನಿಂದ ಇಳಿದವನೇ ದೂರು ಹೇಳಿದ: "ಯವ್ವಾ, ನನ್ನ ದೋಣ್ಯಾಗ ಕೂಡಸ್ಲೇ ಇಲ್ಲ!" ಅವರು ಅವನ ತಲೆ ಸವರಿ, "ಇರ್ಲಿ ಬಾ, ಉಂಡು ಮಲಕ್ಕೋ" ಎಂದು ಕೈಹಿಡಿದು ಕರೆದುಕೊಂಡು ಹೋದರು.